ಮೈಕ್ರೋಕಂಟ್ರೋಲರ್‌ಗಳಲ್ಲಿ ಬಾರ್‌ಕೋಡ್ ಅಕ್ಷರದೋಷ

ಬಾರ್‌ಕೋಡ್ ಸ್ಕ್ಯಾನರ್ ಲೇಬಲನ್ನು ಓದಿ ಬೀಪ್ ಸದ್ದು ಮಾಡಿದ ಮೇಲೂ ಅದಕ್ಕೆ ಜೋಡಿಸಿದ ಮೈಕ್ರೋಕಂಟ್ರೋಲರಿನಲ್ಲಿ ಬೇರೆ ಅಂಕಿಗಳು, ಅರ್ಥವಿಲ್ಲದ ಚಿಹ್ನೆಗಳು ಇಲ್ಲವೆ ಅರ್ಧಂಬರ್ಧ ಸಾಲುಗಳು ಕಾಣಿಸಿಕೊಳ್ಳುವುದನ್ನು ಅಕ್ಷರದೋಷ ಎಂದು ಕರೆಯಬಹುದು. ದಾಸ್ತಾನು ಎಣಿಸುವ ಸಾಧನ, ಗ್ರಂಥಾಲಯದ ಪುಸ್ತಕ ನೋಂದಣಿ, ಪ್ರವೇಶದ್ವಾರದ ಟಿಕೆಟ್ ಪರಿಶೀಲನೆ ಮುಂತಾದ ಕೆಲಸಗಳಿಗೆ ಸಣ್ಣ ಬೋರ್ಡುಗಳನ್ನು ಬಳಸುವ ವಿದ್ಯಾರ್ಥಿಗಳೂ ತಂತ್ರಜ್ಞರೂ ಮೊದಲು ಎದುರಿಸುವ ತೊಡಕುಗಳಲ್ಲಿ ಇದು ಒಂದು. ಬಹುಪಾಲು ಸಂದರ್ಭಗಳಲ್ಲಿ ಸ್ಕ್ಯಾನರೂ ಕೆಟ್ಟಿರುವುದಿಲ್ಲ, ಬೋರ್ಡೂ ಕೆಟ್ಟಿರುವುದಿಲ್ಲ. ಒಂದು ಕಳಿಸುವ ಕ್ರಮಕ್ಕೂ ಇನ್ನೊಂದು ಓದುವ ಕ್ರಮಕ್ಕೂ ತಾಳೆಯಾಗಿರುವುದಿಲ್ಲ. ಆ ತಾಳ ಎಲ್ಲಿ ತಪ್ಪಿದೆ ಎಂಬುದನ್ನು ಬಂದಿರುವ ತಪ್ಪು ಅಕ್ಷರಗಳೇ ಹೇಳುತ್ತವೆ. ಆದ್ದರಿಂದ ಅವನ್ನು ಅಳಿಸಿಹಾಕುವ ಮೊದಲು ಓದುವುದೇ ದುರಸ್ತಿಯ ಮೊದಲ ಹೆಜ್ಜೆ.

ಹಿನ್ನೆಲೆ

ಬಾರ್‌ಕೋಡಿನ ಮೂಲ ಪೇಟೆಂಟ್ 1952ರಲ್ಲಿ ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರಿಗೆ ದೊರೆಯಿತು. ಅಂಗಡಿಯ ಕಟ್ಟೆಯ ಮೇಲೆ ಅದು ಬಳಕೆಗೆ ಬಂದದ್ದು 1974ರ ಜೂನ್ 26ರಂದು, ಒಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ. ಆ ದಿನ ಮೊದಲು ಸ್ಕ್ಯಾನ್ ಆದದ್ದು ರಿಗ್ಲಿ ಕಂಪನಿಯ ಚೂಯಿಂಗ್ ಗಮ್ ಪೊಟ್ಟಣ. ಅದೇ ವರ್ಷ ಅಕ್ಷರಗಳನ್ನೂ ಬರೆಯಬಲ್ಲ ಕೋಡ್ 39, 1981ರಲ್ಲಿ ಕೋಡ್ 128, 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಿಂದ ಕ್ಯೂಆರ್ ಕೋಡ್ ಬಂದವು. ಭಾರತದಲ್ಲಿ ನೋಂದಣಿಯಾದ ಕಂಪನಿಗಳ ಸರಕಿನ ಮೇಲಿರುವ 13 ಅಂಕಿಯ ಇಎಎನ್ ಸಂಖ್ಯೆ ಸಾಮಾನ್ಯವಾಗಿ 890ರಿಂದ ಆರಂಭವಾಗುತ್ತದೆ.

ಪಟ್ಟಿಗಳನ್ನು ಬೆಳಕಿನಿಂದ ಓದಿ ಅಂಕಿಯಾಗಿಸುವ ಕೆಲಸವನ್ನು ಸ್ಕ್ಯಾನರ್ ತನ್ನೊಳಗೇ ಮುಗಿಸುತ್ತದೆ. ಮೈಕ್ರೋಕಂಟ್ರೋಲರಿಗೆ ಬರುವುದು ಪಟ್ಟಿಗಳ ಚಿತ್ರವಲ್ಲ, ಅಕ್ಷರಗಳ ಸಾಲು. ಸ್ಕ್ಯಾನರ್ ಬೀಪ್ ಮಾಡಿತೆಂದರೆ ಓದುವ ಕೆಲಸ ಮುಗಿಯಿತು ಎಂದೇ ಅರ್ಥ. ದೋಷವನ್ನು ಅಲ್ಲಿಂದ ಮುಂದೆ, ತಂತಿಯಲ್ಲಿ ಅಥವಾ ಪ್ರೋಗ್ರಾಮಿನಲ್ಲಿ ಹುಡುಕಬೇಕು.

ಸಂಪರ್ಕದ ಬಗೆಗಳು

ಸ್ಕ್ಯಾನರುಗಳು ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಮಾತಾಡುತ್ತವೆ. ಜಿಎಂ65ರಂಥ ಪುಟ್ಟ ಮಾಡ್ಯೂಲುಗಳು ಟಿಟಿಎಲ್ ಮಟ್ಟದ ಸರಣಿ ಸಂಕೇತ ಕೊಡುತ್ತವೆ. ಇದನ್ನು ಬೋರ್ಡಿನ ಯು.ಎ.ಆರ್.ಟಿ. ಪಿನ್ನಿಗೆ ನೇರವಾಗಿ ಜೋಡಿಸಬಹುದು. ಹಳೆಯ ಅಂಗಡಿ ಸ್ಕ್ಯಾನರುಗಳಲ್ಲಿ ಆರ್‌ಎಸ್-232 ಇರುತ್ತದೆ. ಇಂದು ಮಾರುಕಟ್ಟೆಯಲ್ಲಿ ಸಿಗುವ ಕೈಸ್ಕ್ಯಾನರುಗಳಲ್ಲಿ ಹೆಚ್ಚಿನವು ಯುಎಸ್‌ಬಿ ಕೀಬೋರ್ಡಿನಂತೆ ವರ್ತಿಸುತ್ತವೆ. ಹಳೆಯ ಪಿಎಸ್/2 ಕೀಬೋರ್ಡ್ ಸಂಪರ್ಕದವೂ ಅಲ್ಲಲ್ಲಿ ಉಳಿದಿವೆ. ಎಷ್ಟೋ ಸ್ಕ್ಯಾನರುಗಳಲ್ಲಿ ಇವುಗಳಲ್ಲಿ ಎರಡು ಮೂರು ಬಗೆಗಳು ಒಟ್ಟಿಗೇ ಇದ್ದು, ಕೈಪಿಡಿಯಲ್ಲಿ ಅಚ್ಚಾಗಿರುವ ಸೆಟ್ಟಿಂಗ್ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿ ಬದಲಿಸಿಕೊಳ್ಳಬೇಕಾಗುತ್ತದೆ.

ಯುಎಸ್‌ಬಿ ಸ್ಕ್ಯಾನರಿನ ಕೇಬಲ್ ಕತ್ತರಿಸಿ ಅದರ ಎರಡು ದತ್ತಾಂಶ ತಂತಿಗಳನ್ನು ಸರಣಿ ಪಿನ್ನುಗಳಿಗೆ ಬೆಸೆಯುವುದು ಹೊಸಬರಲ್ಲಿ ಕಾಣುವ ತಪ್ಪು. ಯುಎಸ್‌ಬಿಯಲ್ಲಿ ಎರಡೂ ತಂತಿಗಳು ಸೇರಿ ಒಂದೇ ಸಂಕೇತವನ್ನು ಹೊರುತ್ತವೆ. ಅದರ ವೇಗ ಸೆಕೆಂಡಿಗೆ 15 ಲಕ್ಷ ಅಥವಾ 1.2 ಕೋಟಿ ಬಿಟ್. ಜೊತೆಗೆ, ಹೋಸ್ಟ್ ಕೇಳದ ಹೊರತು ಸ್ಕ್ಯಾನರ್ ಏನನ್ನೂ ಕಳಿಸುವುದಿಲ್ಲ. ಇಂಥ ಜೋಡಣೆಯಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ಅಂಕಿ ಬಾರದು.

ಸರಣಿ ಸಂಕೇತದ ರಚನೆ

ಸರಣಿ ಸಂಪರ್ಕದಲ್ಲಿ ತಂತಿ ಬಿಡುವಾಗಿದ್ದಾಗ ಅದರ ಮಟ್ಟ 1. ಅಕ್ಷರ ಹೊರಡುವಾಗ ತಂತಿ ಒಂದು ಬಿಟ್ ಕಾಲ 0ಗೆ ಇಳಿಯುತ್ತದೆ. ಇದು ಸ್ಟಾರ್ಟ್ ಬಿಟ್. ಆಮೇಲೆ ಕಿರಿಯ ಬಿಟ್ ಮೊದಲಾಗಿ ಎಂಟು ದತ್ತಾಂಶ ಬಿಟ್‌ಗಳು, ಕೊನೆಗೆ ಮಟ್ಟ 1ರ ಸ್ಟಾಪ್ ಬಿಟ್. ಗಡಿಯಾರದ ತಂತಿ ಬೇರೆ ಇಲ್ಲ. ಸ್ಟಾರ್ಟ್ ಬಿಟ್ಟಿನ ಇಳಿತ ಕಂಡ ಕ್ಷಣದಿಂದ ಬೋರ್ಡು ತನ್ನದೇ ಲೆಕ್ಕದಲ್ಲಿ ಕಾಲ ಎಣಿಸಿ, ಪ್ರತಿ ಬಿಟ್ಟಿನ ನಡುವಿನಲ್ಲಿ ಮಟ್ಟ ನೋಡುತ್ತದೆ. 9600 ಬಾಡ್ ವೇಗದಲ್ಲಿ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೊಸೆಕೆಂಡ್, ಒಂದು ಅಕ್ಷರಕ್ಕೆ 1.04 ಮಿಲಿಸೆಕೆಂಡ್ ಹಿಡಿಯುತ್ತದೆ. 13 ಅಂಕಿಯೂ ಕೊನೆಯ ಎಂಟರ್ ಸಂಕೇತವೂ ಸೇರಿ ಇಡೀ ಸಂಖ್ಯೆ 15 ಮಿಲಿಸೆಕೆಂಡಿನೊಳಗೆ ಬಂದು ಮುಗಿಯುತ್ತದೆ.

ವೇಗದ ವ್ಯತ್ಯಾಸ

ಕಳಿಸುವ ವೇಗ ಮತ್ತು ಓದುವ ವೇಗ ಬೇರೆಯಾಗಿದ್ದರೆ ಬೋರ್ಡು ತಪ್ಪು ಜಾಗದಲ್ಲಿ ಮಟ್ಟ ನೋಡುತ್ತದೆ. ಇದನ್ನು ಅಕ್ಷರಗಳ ಎಣಿಕೆಯಿಂದಲೇ ಗುರುತಿಸಬಹುದು. ಬೋರ್ಡಿನ ವೇಗ ಹೆಚ್ಚಾಗಿದ್ದರೆ ಲೇಬಲಿನಲ್ಲಿರುವುದಕ್ಕಿಂತ ಹೆಚ್ಚು ಬೈಟ್‌ಗಳು ಬರುತ್ತವೆ. ಬಹಳ ಕಡಿಮೆಯಾಗಿದ್ದರೆ ಹಲವು ಅಕ್ಷರಗಳು ಕೂಡಿ ಒಂದೆರಡು ಬೈಟ್‌ಗಳಾಗುತ್ತವೆ.

ಸ್ಟಾಪ್ ಬಿಟ್ಟನ್ನು ನೋಡುವ ಹೊತ್ತಿಗೆ ಒಂಬತ್ತೂವರೆ ಬಿಟ್ ಕಾಲ ಕಳೆದಿರುತ್ತದೆ. ಅಷ್ಟರಲ್ಲಿ ಅರ್ಧ ಬಿಟ್ಟಿಗಿಂತ ಹೆಚ್ಚು ಜಾರಿದರೆ ಓದು ಕೆಡುತ್ತದೆ. ಎಂದರೆ ಎರಡೂ ಕಡೆಯ ಒಟ್ಟು ವ್ಯತ್ಯಾಸ ತಾತ್ವಿಕವಾಗಿ ಶೇ. 5ರಷ್ಟು ಇರಬಹುದು. ವ್ಯವಹಾರದಲ್ಲಿ ಶೇ. 2ರಿಂದ 3ನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಆರ್ಡುಯಿನೊ ಯುನೊದಲ್ಲಿರುವ ಎಟಿಮೆಗಾ328ಪಿ ಚಿಪ್ 16 ಮೆಗಾಹರ್ಟ್ಸ್ ಗಡಿಯಾರದಲ್ಲಿ 9600 ಬಾಡನ್ನು ಶೇ. 0.2ರ ವ್ಯತ್ಯಾಸದಲ್ಲಿ ಕೊಡುತ್ತದೆ. 115200 ಬಾಡ್ ಕೇಳಿದರೆ ಅದು ಕೊಡಬಲ್ಲ ಅತಿ ಸಮೀಪದ ವೇಗದಲ್ಲೂ ಶೇ. 2.1ರ ವ್ಯತ್ಯಾಸ ಉಳಿಯುತ್ತದೆ. ಹೊರಗಿನ ಸ್ಫಟಿಕ ಇಲ್ಲದೆ ಚಿಪ್ಪಿನೊಳಗಿನ 8 ಮೆಗಾಹರ್ಟ್ಸ್ ಆಂದೋಲಕವನ್ನೇ ನಂಬಿದರೆ ಕಾರ್ಖಾನೆಯ ಹೊಂದಾಣಿಕೆ ಶೇ. 10ರವರೆಗೂ ಆಚೀಚೆ ಇರಬಹುದು. ಬಿಸಿಯೊಂದಿಗೆ ಆ ಆಂದೋಲಕದ ವೇಗವೂ ಬದಲಾಗುವುದರಿಂದ, ಬೆಳಿಗ್ಗೆ ಸರಿಯಿದ್ದು ಬಿಸಿಲೇರಿದ ಮೇಲೆ ಕೆಡುವ ಸಾಧನಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಸ್ಕ್ಯಾನರಿನ ವೇಗ ಗೊತ್ತಿಲ್ಲದಿದ್ದರೆ ಅಳೆದು ತಿಳಿಯುವ ಸುಲಭ ದಾರಿಯಿದೆ. ಇಂಗ್ಲಿಷಿನ ದೊಡ್ಡಕ್ಷರ ‘ಯು’ವಿನ ಆಸ್ಕಿ ಬೆಲೆ 85, ಎರಡರ ಪದ್ಧತಿಯಲ್ಲಿ ಬರೆದರೆ 01010101. ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿದಾಗ ತಂತಿಯ ಮೇಲೆ ಒಂದು ಬಿಟ್ಟಿಗೊಮ್ಮೆ ಏರಿಳಿಯುವ ಸಮ ಅಲೆ ಸಿಗುತ್ತದೆ. ಆ ಅಕ್ಷರವನ್ನೇ ಹಲವು ಸಲ ಬರೆದ ಕೋಡ್ 39 ಲೇಬಲ್ ಒಂದನ್ನು ಮುದ್ರಿಸಿ ಸ್ಕ್ಯಾನ್ ಮಾಡಿ, ಲಾಜಿಕ್ ಅನಲೈಸರ್ ಅಥವಾ ಆಸಿಲ್ಲೋಸ್ಕೋಪಿನಲ್ಲಿ ಒಂದು ಮೆಟ್ಟಿಲಿನ ಅಗಲ ಅಳೆಯಬೇಕು. 104 ಮೈಕ್ರೊಸೆಕೆಂಡ್ ಇದ್ದರೆ 9600, 52 ಇದ್ದರೆ 19200, 26 ಇದ್ದರೆ 38400, 8.7ರ ಸುತ್ತಮುತ್ತ ಇದ್ದರೆ 115200.

ಪ್ಯಾರಿಟಿ ಹೊಂದಿಕೆಯಾಗದಿದ್ದಾಗ

ತಪ್ಪು ಅಕ್ಷರಗಳೇ ಕಾರಣವನ್ನು ಹೇಳುತ್ತವೆ ಎಂಬುದಕ್ಕೆ ಪ್ಯಾರಿಟಿ ದೋಷಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಹಲವು ಹಳೆಯ ಸ್ಕ್ಯಾನರುಗಳು ಏಳು ದತ್ತಾಂಶ ಬಿಟ್, ಒಂದು ಸಮ ಪ್ಯಾರಿಟಿ ಬಿಟ್ (1 ಎಂಬ ಬಿಟ್‌ಗಳ ಒಟ್ಟು ಸಂಖ್ಯೆಯನ್ನು ಸಮವಾಗಿಸಲು ಸೇರಿಸುವ ಕಾವಲು ಬಿಟ್) ಎಂಬ ಕ್ರಮದಲ್ಲಿ ಕಳಿಸುತ್ತವೆ. ಬೋರ್ಡುಗಳು ಎಂಟು ದತ್ತಾಂಶ ಬಿಟ್, ಪ್ಯಾರಿಟಿ ಇಲ್ಲ ಎಂದುಕೊಂಡು ಓದುತ್ತವೆ. ಎರಡರಲ್ಲೂ ಅಕ್ಷರದ ಒಟ್ಟು ಉದ್ದ ಹತ್ತು ಬಿಟ್ಟೇ ಆದ್ದರಿಂದ ವೇಗ ಸರಿ, ಎಣಿಕೆ ಸರಿ, ಸ್ಟಾಪ್ ಬಿಟ್ಟೂ ಸರಿ. ಪ್ಯಾರಿಟಿ ಬಿಟ್ ಮಾತ್ರ ಎಂಟನೆಯ ದತ್ತಾಂಶ ಬಿಟ್ಟಾಗಿ ಸೇರಿಕೊಂಡು, ಅದು 1 ಇದ್ದಾಗಲೆಲ್ಲ ಅಕ್ಷರದ ಬೆಲೆಗೆ 128 ಕೂಡಿಸುತ್ತದೆ.

ಆಸ್ಕಿಯಲ್ಲಿ 0ಯಿಂದ 9ರವರೆಗಿನ ಅಂಕಿಗಳ ಬೆಲೆ 48ರಿಂದ 57. ಇವುಗಳಲ್ಲಿ 0, 3, 5, 6, 9 ಅಂಕಿಗಳ ಸಂಕೇತದಲ್ಲಿ 1 ಎಂಬ ಬಿಟ್‌ಗಳ ಸಂಖ್ಯೆ ಈಗಾಗಲೇ ಸಮವಾಗಿದೆ; ಅವುಗಳ ಪ್ಯಾರಿಟಿ ಬಿಟ್ 0, ಅವು ಕೆಡದೆ ಬರುತ್ತವೆ. 1, 2, 4, 7, 8 ಅಂಕಿಗಳಲ್ಲಿ ಅದು ಬೆಸ. ಅವು 177, 178, 180, 183, 184 ಆಗಿ ಬರುತ್ತವೆ. ಲ್ಯಾಟಿನ್-1 ಸಂಕೇತಪಟ್ಟಿಯಲ್ಲಿ ಈ ಬೆಲೆಗಳು ಕ್ರಮವಾಗಿ ± ² ´ · ¸ ಚಿಹ್ನೆಗಳು. ಹೀಗಾಗಿ 8901234567890 ಎಂಬ ಲೇಬಲ್ ಪರದೆಯ ಮೇಲೆ ¸90±²3´56·¸90 ಎಂದು ಮೂಡುತ್ತದೆ. ಹತ್ತರಲ್ಲಿ ಐದು ಅಂಕಿಗಳು ಸರಿಯಾಗಿಯೂ ಉಳಿದ ಐದು ಯಾವಾಗಲೂ ಅದೇ ಚಿಹ್ನೆಯಾಗಿಯೂ ಬಂದರೆ ಬೇರೇನೂ ಪರೀಕ್ಷಿಸಬೇಕಿಲ್ಲ. ಕೆಡುವ ಗುಂಪು ಅದಲುಬದಲಾಗಿ 0, 3, 5, 6, 9 ಕೆಟ್ಟು ಮಿಕ್ಕವು ಸರಿಯಿದ್ದರೆ ಸ್ಕ್ಯಾನರ್ ಬೆಸ ಪ್ಯಾರಿಟಿಯಲ್ಲಿದೆ.

ಪರಿಹಾರ ಎರಡು. ಒಂದು, ಸ್ಕ್ಯಾನರನ್ನೋ ಬೋರ್ಡನ್ನೋ ಬದಲಿಸಿ ಎರಡನ್ನೂ ಒಂದೇ ಕ್ರಮಕ್ಕೆ ತರುವುದು. ಇನ್ನೊಂದು, ಬಂದ ಪ್ರತಿ ಬೈಟನ್ನು 127ರ ಜೊತೆ ‘ಆಂಡ್’ ಕ್ರಿಯೆಗೆ ಒಳಪಡಿಸಿ ಎಂಟನೆಯ ಬಿಟ್ ತೆಗೆದುಹಾಕುವುದು. ಎರಡನೆಯದು ಬೇಗ ಮುಗಿಯುತ್ತದೆ, ಆದರೆ ಪ್ಯಾರಿಟಿ ಕೊಡುತ್ತಿದ್ದ ಕಾವಲೂ ಅದರೊಂದಿಗೆ ಹೋಗುತ್ತದೆ.

ವೋಲ್ಟೇಜು ಮತ್ತು ತಲೆಕೆಳಗಾದ ಸಂಕೇತ

1960ರ ದಶಕದಲ್ಲಿ ರೂಪುಗೊಂಡ ಆರ್‌ಎಸ್-232 ಮಾನಕದಲ್ಲಿ 1 ಎಂದರೆ ಋಣ 3ರಿಂದ ಋಣ 15 ವೋಲ್ಟ್, 0 ಎಂದರೆ ಧನ 3ರಿಂದ ಧನ 15 ವೋಲ್ಟ್. ಟಿಟಿಎಲ್‌ನಲ್ಲಿ 1 ಎಂದರೆ 5 ಅಥವಾ 3.3 ವೋಲ್ಟ್, 0 ಎಂದರೆ ಸೊನ್ನೆ. ಆರ್‌ಎಸ್-232 ತಂತಿಯನ್ನು ರೆಸಿಸ್ಟರ್ ಮೂಲಕ ನೇರವಾಗಿ ಪಿನ್ನಿಗೆ ಕೊಟ್ಟರೆ ಋಣ ವೋಲ್ಟೇಜ್ ಸೊನ್ನೆಯಾಗಿ, ಧನ ವೋಲ್ಟೇಜ್ ಒಂದಾಗಿ ಕಾಣುತ್ತದೆ. ಪ್ರತಿ ಬಿಟ್ಟೂ ತಲೆಕೆಳಗಾಗುತ್ತದೆ. ರೆಸಿಸ್ಟರೂ ಇಲ್ಲದಿದ್ದರೆ ಪಿನ್ನು ಸುಡುವ ಅಪಾಯವಿದೆ.

ತಲೆಕೆಳಗಾದ ಸಂಕೇತಕ್ಕೆ ತನ್ನದೇ ಗುರುತುಗಳಿವೆ. ಬೈಟ್‌ಗಳ ಎಣಿಕೆ ಲೇಬಲಿಗೆ ಹೊಂದುವುದಿಲ್ಲ. ಅಕ್ಕಪಕ್ಕದ ಅಂಕಿ ಬದಲಾದಂತೆ ಒಂದೇ ಅಂಕಿ ಬೇರೆಬೇರೆ ರೂಪದಲ್ಲಿ ಬರುತ್ತದೆ. ಏಕೆಂದರೆ ನಿಜವಾದ ಸ್ಟಾರ್ಟ್ ಬಿಟ್ ಏರಿಕೆಯಾಗಿ ಬದಲಾಗಿದ್ದು, ಬೋರ್ಡು ಅಕ್ಷರದ ನಡುವಿನ ಯಾವುದೋ ಇಳಿತವನ್ನು ಆರಂಭವೆಂದು ಹಿಡಿಯುತ್ತದೆ. ಮಲ್ಟಿಮೀಟರಿನಿಂದ ಇದನ್ನು ಖಚಿತಪಡಿಸಿಕೊಳ್ಳಬಹುದು: ಸ್ಕ್ಯಾನ್ ಮಾಡದೆ ಬಿಡುವಾಗಿದ್ದಾಗ ತಂತಿಯಲ್ಲಿ 3.3 ಅಥವಾ 5 ವೋಲ್ಟ್ ಇದ್ದರೆ ಟಿಟಿಎಲ್, ಋಣ ವೋಲ್ಟೇಜ್ ಇದ್ದರೆ ಆರ್‌ಎಸ್-232, ಸೊನ್ನೆ ಇದ್ದರೆ ಟಿಟಿಎಲ್ ಮಟ್ಟದಲ್ಲೇ ತಲೆಕೆಳಗಾದ ಸಂಕೇತ ಇಲ್ಲವೆ ಕಡಿದ ತಂತಿ.

ಆರ್‌ಎಸ್-232ಗೆ ಮ್ಯಾಕ್ಸ್232 ಅಥವಾ 3.3 ವೋಲ್ಟ್ ಬೋರ್ಡುಗಳಿಗೆ ಹೊಂದುವ ಮ್ಯಾಕ್ಸ್3232 ಚಿಪ್ಪನ್ನು ನಡುವೆ ಇಡಬೇಕು. ಅದು ಮಟ್ಟವನ್ನೂ ದಿಕ್ಕನ್ನೂ ಒಟ್ಟಿಗೆ ಸರಿಪಡಿಸುತ್ತದೆ. ಟಿಟಿಎಲ್ ಮಟ್ಟದಲ್ಲೇ ತಲೆಕೆಳಗಾಗಿದ್ದರೆ ಇಎಸ್‌ಪಿ32ರ ಯು.ಎ.ಆರ್.ಟಿ.ಯಲ್ಲೂ ಆರ್ಡುಯಿನೊದ ಸಾಫ್ಟ್‌ವೇರ್‌ಸೀರಿಯಲ್ ಲೈಬ್ರರಿಯಲ್ಲೂ ಸಂಕೇತವನ್ನು ತಿರುವಿ ಓದುವ ಸೌಲಭ್ಯವಿದೆ. 5 ವೋಲ್ಟ್ ಕೊಡುವ ಸ್ಕ್ಯಾನರನ್ನು 3.3 ವೋಲ್ಟಿನ ಬೋರ್ಡಿಗೆ ಜೋಡಿಸುವಾಗ 10 ಮತ್ತು 20 ಕಿಲೊಓಂ ರೆಸಿಸ್ಟರುಗಳ ವಿಭಾಜಕ ಸಾಕು, ಪಿನ್ನಿಗೆ 3.33 ವೋಲ್ಟ್ ಸಿಗುತ್ತದೆ.

ಗ್ರೌಂಡ್ ತಂತಿಯನ್ನು ಮರೆಯುವುದೂ ಸಾಮಾನ್ಯ. ಸ್ಕ್ಯಾನರಿಗೂ ಬೋರ್ಡಿಗೂ ಬೇರೆಬೇರೆ ಅಡಾಪ್ಟರ್ ಇದ್ದು ಗ್ರೌಂಡ್ ಸೇರಿಸದಿದ್ದರೆ ಒಂದೇ ಲೇಬಲ್ ಪ್ರತಿ ಸಲ ಬೇರೆಬೇರೆಯಾಗಿ ಕೆಡುತ್ತದೆ. ವಿದ್ಯುತ್ ಸಾಲದಾದಾಗಲೂ ಹೀಗೇ ಆಗಬಹುದು: ಸ್ಕ್ಯಾನರಿನ ದೀಪ ಹೊತ್ತಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಯುನೊ ಬೋರ್ಡಿನ 3.3 ವೋಲ್ಟ್ ಪಿನ್ನಿನ ಮಿತಿ 50 ಮಿಲಿಆಂಪಿಯರ್ ಮಾತ್ರ. ಅದರಿಂದ ಸ್ಕ್ಯಾನರ್ ನಡೆಸಬಾರದು. ಅದೇ ಬೋರ್ಡಿನ 0 ಮತ್ತು 1ನೆಯ ಪಿನ್ನುಗಳನ್ನು ಕಂಪ್ಯೂಟರಿನೊಡನೆ ಮಾತಾಡುವ ಯುಎಸ್‌ಬಿ ಚಿಪ್ಪೂ ಬಳಸುವುದರಿಂದ, ಅಲ್ಲೇ ಸ್ಕ್ಯಾನರನ್ನೂ ಸೇರಿಸಿದರೆ ಎರಡು ಸಂಕೇತಗಳು ಒಂದೇ ತಂತಿಯಲ್ಲಿ ಡಿಕ್ಕಿಯಾಗುತ್ತವೆ.

ಕೀಬೋರ್ಡ್ ಬಗೆಯ ಸ್ಕ್ಯಾನರುಗಳು

ಯುಎಸ್‌ಬಿ ಕೀಬೋರ್ಡಿನಂತೆ ವರ್ತಿಸುವ ಸ್ಕ್ಯಾನರ್ ಅಕ್ಷರಗಳನ್ನು ಕಳಿಸುವುದಿಲ್ಲ. ಯಾವ ಕೀಲಿ ಒತ್ತಲಾಯಿತು ಎಂಬ ಸಂಖ್ಯೆಯನ್ನು ಕಳಿಸುತ್ತದೆ. 1ರ ಕೀಲಿಗೆ 30, 9ರ ಕೀಲಿಗೆ 38, 0ಯ ಕೀಲಿಗೆ 39, ಎಂಟರ್‌ಗೆ 40. ಇವನ್ನೇ ಆಸ್ಕಿ ಎಂದು ಮುದ್ರಿಸಿದರೆ 1ರಿಂದ 0ಯವರೆಗಿನ ಅಂಕಿಗಳ ಬದಲು ಕೆಲವು ಕಾಣದ ನಿಯಂತ್ರಣ ಅಕ್ಷರಗಳು, ಒಂದು ಖಾಲಿ ಜಾಗ, ಆಮೇಲೆ ! " # $ % & ' ಚಿಹ್ನೆಗಳು ಬರುತ್ತವೆ. ಪಿಎಸ್/2 ಸ್ಕ್ಯಾನರುಗಳ ಸಂಖ್ಯೆಗಳು ಮತ್ತೆ ಬೇರೆ. ಅಲ್ಲಿ 1ಕ್ಕೆ 22, 2ಕ್ಕೆ 30. ಕೀಲಿ ಬಿಟ್ಟಾಗ 240 ಎಂಬ ಮುನ್ಸೂಚನೆಯೊಂದಿಗೆ ಅದೇ ಸಂಖ್ಯೆ ಇನ್ನೊಮ್ಮೆ. 30 ಎಂಬ ಸಂಖ್ಯೆ ಒಂದೆಡೆ ಒಂದು, ಇನ್ನೊಂದೆಡೆ ಎರಡು ಆಗುವುದರಿಂದ ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಬಳಸಿದರೆ ನಂಬುವಂಥ, ಆದರೆ ತಪ್ಪಾದ ಅಂಕಿಗಳು ಹುಟ್ಟುತ್ತವೆ.

ಯುಎಸ್‌ಬಿಯಲ್ಲಿ ಪ್ರತಿ ಕೀಲಿಗೂ ಎಂಟು ಬೈಟ್‌ಗಳ ವರದಿ ಬರುತ್ತದೆ. ಮೊದಲ ಬೈಟಿನಲ್ಲಿ ಶಿಫ್ಟ್ ಮುಂತಾದ ಕೀಲಿಗಳ ಸ್ಥಿತಿ ಇರುತ್ತದೆ. ಇದನ್ನು ನೋಡದ ಪ್ರೋಗ್ರಾಮಿನಲ್ಲಿ ದೊಡ್ಡಕ್ಷರಗಳೆಲ್ಲ ಚಿಕ್ಕಕ್ಷರಗಳಾಗುತ್ತವೆ. ಕೀಲಿ ಬಿಟ್ಟಿದ್ದನ್ನು ಸೂಚಿಸಲು ಖಾಲಿ ವರದಿ ಬರುತ್ತದೆ; ಅದನ್ನು ಲೆಕ್ಕಿಸದಿದ್ದರೆ 55, 00ರಂಥ ಜೋಡಿ ಅಂಕಿಗಳಲ್ಲಿ ಒಂದು ಮಾಯವಾಗುತ್ತದೆ. ಸ್ಕ್ಯಾನರ್ ಫ್ರೆಂಚ್ ಕೀಲಿಮಣೆಯ ವಿನ್ಯಾಸಕ್ಕೆ ಹೊಂದಿಸಿದ್ದರೆ ಅಂಕಿಗಳಿಗೆಲ್ಲ ಶಿಫ್ಟ್ ಸೇರಿಕೊಳ್ಳುತ್ತದೆ. ಜರ್ಮನ್ ವಿನ್ಯಾಸದಲ್ಲಿ ‘ವೈ’ ಮತ್ತು ‘ಜೆಡ್’ ಸ್ಥಾನ ಬದಲಿಸುತ್ತವೆ. ಇಂಥ ಸ್ಕ್ಯಾನರಿಗೆ ಹೋಸ್ಟ್ ಆಗಬಲ್ಲ ಬೋರ್ಡು ಬೇಕು. ಯುನೊಗೆ ಮ್ಯಾಕ್ಸ್3421ಇ ಚಿಪ್ ಇರುವ ಹೋಸ್ಟ್ ಶೀಲ್ಡ್ ಸೇರಿಸಬೇಕಾಗುತ್ತದೆ. ರಾಸ್ಪ್‌ಬೆರಿ ಪೈ ಪಿಕೊ, ಇಎಸ್‌ಪಿ32-ಎಸ್3 ಬೋರ್ಡುಗಳು ತಾವೇ ಹೋಸ್ಟ್ ಆಗಬಲ್ಲವು.

ಪ್ರೋಗ್ರಾಮಿನಲ್ಲಿ ಹುಟ್ಟುವ ದೋಷಗಳು

ತಂತಿಯಲ್ಲಿ ಎಲ್ಲವೂ ಸರಿಯಿದ್ದು ಪ್ರೋಗ್ರಾಮಿನಲ್ಲಿ ಕೆಡುವುದೂ ಉಂಟು. 8901 ಎಂಬುದು 56 57 48 49 ಎಂದು ಕಂಡರೆ ಅದು ಕೆಟ್ಟ ಅಕ್ಷರವೇ ಅಲ್ಲ. ಬಂದ ಬೈಟನ್ನು ಅಕ್ಷರವಾಗಿ ಮುದ್ರಿಸದೆ ಸಂಖ್ಯೆಯಾಗಿ ಮುದ್ರಿಸಲಾಗಿದೆ ಅಷ್ಟೆ. ಸರಿಯಾದ ಅಂಕಿಗಳ ನಡುನಡುವೆ 255 ಬೆಲೆಯ ಒಂದೇ ಚಿಹ್ನೆ ಸಾಲುಗಟ್ಟಿ ಬಂದರೆ ಅಕ್ಷರ ಬಂದಿದೆಯೇ ಎಂದು ನೋಡದೆ ಓದಲಾಗುತ್ತಿದೆ. ಏನೂ ಇಲ್ಲದಾಗ ಆರ್ಡುಯಿನೊದ ಓದುವ ಫಂಕ್ಷನ್ ಕೊಡುವ ಋಣ 1, ಒಂದು ಬೈಟಿಗೆ ಇಳಿದಾಗ 255 ಆಗುತ್ತದೆ. ಸಂಖ್ಯೆ ಸರಿಯಿದ್ದು ಅದರ ಬಾಲಕ್ಕೆ ಹಳೆಯ ಅಕ್ಷರಗಳು ಅಂಟಿಕೊಂಡರೆ ಸಾಲಿನ ಕೊನೆಗೆ ಇಡಬೇಕಾದ ಸೊನ್ನೆ ಬೈಟ್ ಬಿಟ್ಟುಹೋಗಿದೆ.

ಉದ್ದದ ಸಂಕೇತಗಳಲ್ಲಿ ಬಫರಿನ ಮಿತಿ ಕಾಡುತ್ತದೆ. ಯುನೊದ ಸರಣಿ ಬಫರ್ 64 ಬೈಟಿನದು. ಅದರಲ್ಲಿ ನಿಲ್ಲುವುದು 63. ಅಂಗಡಿಗಳ ಯುಪಿಐ ಕ್ಯೂಆರ್‌ನಲ್ಲಿರುವ ಪಠ್ಯ ಇದನ್ನು ಸುಲಭವಾಗಿ ಮೀರುತ್ತದೆ. ಪ್ರೋಗ್ರಾಮು ಬೇರೆಡೆ ಕಾಯುತ್ತ ನಿಂತರೆ ಮೊದಲ 63 ಅಕ್ಷರಗಳು ಉಳಿದು ಮುಂದಿನವು ಬಿದ್ದುಹೋಗುತ್ತವೆ. ಸಾಫ್ಟ್‌ವೇರ್‌ಸೀರಿಯಲ್ ಬಳಸಿದಾಗ ತೊಡಕು ಇನ್ನೂ ಹೆಚ್ಚು: ಅದು ಪ್ರತಿ ಬಿಟ್ಟಿನ ಕಾಲವನ್ನೂ ಪ್ರೊಸೆಸರಿನಿಂದಲೇ ಎಣಿಸುತ್ತದೆ. ಡಬ್ಲ್ಯುಎಸ್2812 ಬಣ್ಣದ ದೀಪಗಳ ಪಟ್ಟಿ ಜೊತೆಗಿದ್ದರೆ ಒಂದೊಂದು ದೀಪಕ್ಕೂ 30 ಮೈಕ್ರೊಸೆಕೆಂಡಿನಂತೆ 60 ದೀಪಗಳಿಗೆ 1.8 ಮಿಲಿಸೆಕೆಂಡ್ ಕಾಲ ಇಂಟರಪ್ಟ್‌ಗಳು ನಿಲ್ಲುತ್ತವೆ. 9600 ಬಾಡಿನಲ್ಲೂ ಅಷ್ಟರಲ್ಲಿ ಒಂದು ಅಕ್ಷರ ಪೂರ್ತಿ ಕಳೆದುಹೋಗಬಹುದು. ಸ್ಕ್ಯಾನರಿಗೆ ಹಾರ್ಡ್‌ವೇರ್ ಯು.ಎ.ಆರ್.ಟಿ. ಮೀಸಲಿಡುವುದು ಇದಕ್ಕೆ ಸರಿಯಾದ ಉತ್ತರ.

ಕಾಣದ ಅಕ್ಷರಗಳು ಮತ್ತು ಕನ್ನಡ ಪಠ್ಯ

ಸಂಖ್ಯೆಯ ಹಿಂದೆ ಮುಂದೆ ಸ್ಕ್ಯಾನರ್ ತಾನೇ ಸೇರಿಸುವ ಅಕ್ಷರಗಳಿರುತ್ತವೆ. ಕೊನೆಯಲ್ಲಿ ಸಾಮಾನ್ಯವಾಗಿ 13 ಅಥವಾ 13 ಮತ್ತು 10. ಕೆಲವೊಮ್ಮೆ ಟ್ಯಾಬ್, ಎಂದರೆ 9. ಬಾರ್‌ಕೋಡಿನ ಬಗೆ ತಿಳಿಸುವ ಗುರುತನ್ನು ಸಕ್ರಿಯಗೊಳಿಸಿದ್ದರೆ ಮೊದಲಿಗೆ ] ಚಿಹ್ನೆಯೂ ಇನ್ನೆರಡು ಅಕ್ಷರಗಳೂ ಬರುತ್ತವೆ. ಔಷಧಿ ಪೊಟ್ಟಣಗಳ ಜಿಎಸ್1 ಸಂಕೇತಗಳಲ್ಲಿ ಬ್ಯಾಚ್ ಸಂಖ್ಯೆಯಂಥ ಉದ್ದ ಬದಲಾಗುವ ಭಾಗಗಳನ್ನು ಬೇರ್ಪಡಿಸಲು 29 ಬೆಲೆಯ ಕಾಣದ ಅಕ್ಷರವಿರುತ್ತದೆ. ಅದನ್ನು ಕಸವೆಂದು ತೆಗೆದುಹಾಕಿದರೆ ಬ್ಯಾಚ್ ಎಲ್ಲಿ ಮುಗಿಯಿತು, ಮುಂದಿನ ಭಾಗ ಎಲ್ಲಿ ಆರಂಭವಾಯಿತು ಎಂದು ತಿಳಿಯದಂತಾಗುತ್ತದೆ.

ಕ್ಯೂಆರ್ ಕೋಡಿನಲ್ಲಿ ಕನ್ನಡ ಬರೆದಿದ್ದರೆ ಅದು ಸಾಮಾನ್ಯವಾಗಿ ಯುಟಿಎಫ್-8 ಕ್ರಮದಲ್ಲಿರುತ್ತದೆ. ಅಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ‘ಕ’ ಎಂಬುದು 224, 178, 149. ‘ಕನ್ನಡ’ ಎಂಬ ಪದದಲ್ಲಿ ಐದು ಚಿಹ್ನೆಗಳಿದ್ದು 15 ಬೈಟ್ ಹಿಡಿಯುತ್ತದೆ. ಒಂದೊಂದೇ ಬೈಟನ್ನು ಒಂದು ಅಕ್ಷರವೆಂದು ತೋರಿಸುವ ಪರದೆಯಲ್ಲಿ ಇದು ಗಜಿಬಿಜಿಯಾಗಿಯೇ ಕಾಣುತ್ತದೆ, ಆದರೆ ದತ್ತಾಂಶ ಕೆಟ್ಟಿರುವುದಿಲ್ಲ. ಏಳು ಬಿಟ್ಟಿನ ಕ್ರಮವಾಗಲಿ, 127ರ ಜೊತೆಗಿನ ಆಂಡ್ ಕ್ರಿಯೆಯಾಗಲಿ ಇಲ್ಲಿ ಸಲ್ಲದು. ಎರಡೂ ಕನ್ನಡವನ್ನು ನಿಜವಾಗಿ ಹಾಳುಮಾಡುತ್ತವೆ. ಕೀಬೋರ್ಡ್ ಬಗೆಯಲ್ಲಿ ಕನ್ನಡ ಅಕ್ಷರಕ್ಕೆ ಕೀಲಿ ಸಂಖ್ಯೆಯೇ ಇಲ್ಲದಿರುವುದರಿಂದ ಕನ್ನಡ ಪಠ್ಯ ಓದುವ ಸಾಧನಕ್ಕೆ ಎಂಟು ಬಿಟ್ಟಿನ ಸರಣಿ ಸಂಪರ್ಕವೇ ಯೋಗ್ಯ.

ಪತ್ತೆಯ ಕ್ರಮ

ಮೊದಲು ಒಂದೇ ಲೇಬಲನ್ನು ಹಲವು ಸಲ ಸ್ಕ್ಯಾನ್ ಮಾಡಿ ಬಂದ ಬೈಟ್‌ಗಳನ್ನು ಅಕ್ಷರವಾಗಿ ಅಲ್ಲ, ಸಂಖ್ಯೆಯಾಗಿ ಮುದ್ರಿಸಬೇಕು. ಲೇಬಲಿನಲ್ಲಿ ಹತ್ತೂ ಅಂಕಿಗಳಿದ್ದರೆ ಒಳ್ಳೆಯದು. ಪ್ರತಿ ಸಲವೂ ಒಂದೇ ತಪ್ಪು ಬಂದರೆ ಕಾರಣ ಸೆಟ್ಟಿಂಗಿನಲ್ಲಿದೆ. ಪ್ರತಿ ಸಲ ಬೇರೆ ತಪ್ಪು ಬಂದರೆ ಗ್ರೌಂಡ್, ವಿದ್ಯುತ್, ತಂತಿಯ ಉದ್ದ, ಇಂಟರಪ್ಟ್ ಇವುಗಳಲ್ಲಿದೆ. ಎಣಿಕೆ ಸರಿಯಿದ್ದು ಕೆಲವು ಅಂಕಿ ಮಾತ್ರ 128ರಷ್ಟು ಹೆಚ್ಚಿದ್ದರೆ ಪ್ಯಾರಿಟಿ. ಎಣಿಕೆಯೇ ತಪ್ಪಿದ್ದರೆ ವೇಗ ಅಥವಾ ತಲೆಕೆಳಗಾದ ಸಂಕೇತ. ಎಲ್ಲ ಬೆಲೆಗಳೂ 30ರಿಂದ 39ರೊಳಗಿದ್ದರೆ ಕೀಲಿ ಸಂಖ್ಯೆ. ಆರಂಭ ಸರಿಯಿದ್ದು ಬಾಲ ಇಲ್ಲದಿದ್ದರೆ ಬಫರ್. ಸಂಶಯ ಉಳಿದರೆ ಸ್ಕ್ಯಾನರನ್ನು ಬೋರ್ಡಿನಿಂದ ಬಿಡಿಸಿ, ಯುಎಸ್‌ಬಿ-ಸರಣಿ ಪರಿವರ್ತಕದ ಮೂಲಕ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಅಲ್ಲಿ ಸರಿಯಿದ್ದರೆ ಸ್ಕ್ಯಾನರ್ ನಿರ್ದೋಷಿ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸುವುದು ಅಗತ್ಯ. ವೇಗವನ್ನೂ ಪ್ಯಾರಿಟಿಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು.

ಚೆಕ್ ಡಿಜಿಟ್‌ನ ಕಾವಲು

ದೋಷ ಸರಿಪಡಿಸಿದ ಮೇಲೂ ಅದು ಮರಳಿ ಬಂದಾಗ ತಿಳಿಯುವಂತೆ ಪ್ರೋಗ್ರಾಮು ಬರೆಯಬೇಕು. ಇಎಎನ್-13ರ ಕೊನೆಯ ಅಂಕಿ ಇರುವುದೇ ಇದಕ್ಕಾಗಿ. ಮೊದಲ ಹನ್ನೆರಡು ಅಂಕಿಗಳನ್ನು ಎಡದಿಂದ 1, 3, 1, 3 ಎಂಬ ಕ್ರಮದಲ್ಲಿ ಗುಣಿಸಿ ಕೂಡಿಸಿ, ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಏರಿಸಲು ಬೇಕಾದ ಅಂಕಿಯೇ ಚೆಕ್ ಡಿಜಿಟ್. 890123456789ಕ್ಕೆ ಮೊತ್ತ 130. ಆದ್ದರಿಂದ ಚೆಕ್ ಡಿಜಿಟ್ 0. ಒಂದೇ ಅಂಕಿ ತಪ್ಪಿದ್ದರೆ ಈ ಲೆಕ್ಕ ಅದನ್ನು ತಪ್ಪದೆ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಅವುಗಳ ನಡುವಿನ ವ್ಯತ್ಯಾಸ 5 ಆಗಿದ್ದರೆ ಮಾತ್ರ ಹಿಡಿಯಲಾರದು. ಕೋಡ್ 39ರಲ್ಲಿ ಚೆಕ್ ಅಕ್ಷರ ಕಡ್ಡಾಯವಲ್ಲದ ಕಾರಣ ಅಲ್ಲಿ ಅಕ್ಷರಗಳ ನಿಗದಿತ ಉದ್ದವನ್ನಾದರೂ ಪರೀಕ್ಷಿಸಬೇಕು.

ಲೆಕ್ಕ ತಾಳೆಯಾಗದ ಸಂಖ್ಯೆಯನ್ನು ಪ್ರೋಗ್ರಾಮು ಊಹಿಸಿ ತಿದ್ದಬಾರದು. ಮತ್ತೆ ಸ್ಕ್ಯಾನ್ ಮಾಡಲು ಕೇಳಿ, ಬಂದ ಬೈಟ್‌ಗಳನ್ನು ಇದ್ದಂತೆಯೇ ದಾಖಲಿಸಿಡಬೇಕು. ಮತ್ತೆ ಸ್ಕ್ಯಾನ್ ಮಾಡಲು ಬಳಕೆದಾರನಿಗೆ ಒಂದು ಕ್ಷಣ ಸಾಕು, ಆದರೆ ತಪ್ಪಾಗಿ ದಾಖಲಾದ ಔಷಧಿಯ ಬ್ಯಾಚನ್ನು ಆಮೇಲೆ ಹುಡುಕಿ ಸರಿಪಡಿಸುವುದು ಬಹಳ ಕಷ್ಟ. ದಾಖಲಿಸಿಟ್ಟ ಆ ಬೈಟ್‌ಗಳು ದುರಸ್ತಿಗೆ ಬರುವ ಮುಂದಿನವರಿಗೆ ನೆರವಾಗುತ್ತವೆ.